ಗೋಡೆಯಿಲ್ಲದ ಹೊಸ್ತಿಲು

ಆ ಬಾಗಿಲುವಾಡ ಕಲ್ಲಿನದೋ ಮರದ್ದೋ ಎಂದು ಈಗ ಕೇಳಿದರೆ ಆಣೆ ಮಾಡಿ ಹೇಳಲಾರೆ. ಕಲ್ಲು ಎಂದೇ ನೆನಪು. ಆದರೆ ದೊಡ್ಡಮ್ಮ ಅದಕ್ಕೆ ಅರಿಸಿನ ಬಳಿಯುತ್ತಿದ್ದುದನ್ನು ನೆನೆದಾಗಲೆಲ್ಲ ಅದು ಮರವಾಗಿಬಿಡುತ್ತದೆ, ಅವಳ ಕಿಕ್ಕೇರಿ ಮನೆಯ ಹೊಸ್ತಿಲಿನಂತೆ. ಎರಡು ನೆನಪು ಬೆರೆತಿರಬೇಕು.

ಶ್ರೀರಂಗಪಟ್ಟಣದ ದೇವಸ್ಥಾನದ ಮುಂದಿನ ಮೈದಾನದಲ್ಲಿ ಕೆಲವು ವಾರಗಳ ಮಟ್ಟಿಗೆ ಹೊಸ ಕಾಲದ ಶಿಲ್ಪಗಳನ್ನು ನಿಲ್ಲಿಸಿದ್ದರು. ತುಕ್ಕು ಹಿಡಿದ ತಗಡಿನ ದೊಡ್ಡ ಸುರುಳಿ, ಗಾಜಿನ ಚೂರುಗಳ ಕಂಬ, ಕೊನೆಯಲ್ಲಿ ಈ ಬಾಗಿಲುವಾಡ. ಗೋಡೆಯಿಲ್ಲ, ಕದವಿಲ್ಲ. ಈ ಕಡೆ ದಾಟಿದರೂ ಬಯಲು, ಆ ಕಡೆ ದಾಟಿದರೂ ಬಯಲು.

ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮನನ್ನು ಕಿಕ್ಕೇರಿಯಿಂದ ಶ್ರೀರಂಗಪಟ್ಟಣದ ನನ್ನ ಮನೆಗೆ ನಾನೇ ಕರೆತಂದಿದ್ದೆ. ಮಕ್ಕಳಿಲ್ಲದವಳು. ನನಗೂ ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ. ಸಂಜೆ ಕಾಲೇಜಿನ ಕೆಲಸ ಮುಗಿಸಿ ಬಂದು ಖಾಲಿ ಮನೆಯ ಬೀಗ ತೆಗೆದೂ ತೆಗೆದೂ ಸಾಕಾಗಿತ್ತು. ನಾಗಮಂಗಲದಲ್ಲಿರುವ ಅವಳ ಮೈದುನನೂ ಬಾ ಎನ್ನುತ್ತಿದ್ದ. "ನೋಡಾನ ಬುಡು" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲಾಗುತ್ತಿತ್ತು.

ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಮೆಟ್ಟಿಲ ಟೈಲ್ಸೇ ನೇರ ಒಳಗೆ ಬರುತ್ತದೆ, ಹೊಸ್ತಿಲೇ ಇಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಬೆಳಿಗ್ಗೆ ಅವಳು ಚೊಂಬು ಹಿಡಿದು ಹೊರಟರೆ ದೇವಸ್ಥಾನಕ್ಕೆ ಎಂದುಕೊಂಡಿದ್ದೆ. ಒಂದು ದಿನ ಹಾಲು ತರಲು ಹೋದಾಗ ಕಂಡೆ. ಮೈದಾನದ ಆ ಬಾಗಿಲುವಾಡದ ಕೆಳಗಿನ ಪಟ್ಟಿಯನ್ನು ತೊಳೆದು, ಅರಿಸಿನ ಬಳಿದು, ಮುಂದೆ ಎಳೆ ರಂಗೋಲಿ ಬಿಡುತ್ತಿದ್ದಾಳೆ.

ಹೂ ಮಾರುವವಳು ರೇಗಿಸುತ್ತಿದ್ದಳು. "ಏನಮ್ಮೋ, ಮನೆ ಒಕ್ಕಲಿಗೆ ನಮ್ಮನ್ನ ಕರೀಲೇ ಇಲ್ವಲ್ಲ?"

"ಕರೀತೀನಿ ಕಣವ್ವ. ಮೊದ್ಲು ಗ್ವಾಡೆ ಏಳ್ಲಿ."

ಕಾವಲಿನವನು, ಮುಟ್ಟಬಾರದೆಂಬ ಬೋರ್ಡು ತೋರಿಸಿ ಗದರಿದನಂತೆ. ಸಂಜೆ ನಾನೂ ಹೇಳಿದೆ. "ಅದು ಶಿಲ್ಪ ದೊಡ್ಡಮ್ಮ. ಭಾನುವಾರ ಎತ್ಕೊಂಡು ಹೋಗ್ತಾರೆ. ಯಾರ ಮನೆ ಬಾಗಿಲೂ ಅಲ್ಲ."

"ಗೊತ್ತು ಕಣ್ ಮಗ, ನಂಗೇನು ತಲೆ ಕೆಟ್ಟದಾ? ಒಸ್ಲು ಅಂತ ಒಂದು ಇದ್ಮೇಲೆ ಬರಿದು ಬುಡಬಾರ್ದು."

ಭಾನುವಾರ ಕ್ರೇನು ಬಂತು. ಬೆಲ್ಟು ಬಿಗಿದು ಬಾಗಿಲುವಾಡವನ್ನು ಎತ್ತಿ ಲಾರಿಯಲ್ಲಿ ಅಡ್ಡ ಮಲಗಿಸಿದರು. ನಾನೊಬ್ಬಳೇ ನಿಂತು ನೋಡಿದೆ ಎಂದು ನನ್ನ ನೆನಪು. ಅವಳೂ ಜನರ ಹಿಂದೆ ಎಲ್ಲೋ ಇದ್ದಿರಬಹುದು.

ಮರುದಿನದಿಂದ ಅವಳು ಎದ್ದು ಕಿಟಕಿಯ ಪಕ್ಕ ಸುಮ್ಮನೆ ಕೂರತೊಡಗಿದಳು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಿದ್ದಾಗ, ಬಡಗಿಯನ್ನು ಕರೆಸಿ ನಮ್ಮ ಬಾಗಿಲಿಗೂ ಒಂದು ಹೊಸ್ತಿಲು ಕೂರಿಸುತ್ತೇನೆ ಎಂದೆ.

"ಬಾಡ್ಗೆ ಮನೆಗ್ಯಾಕ್ ಮಗ, ಸುಮ್ನಿರು."

ಹೊಸ್ತಿಲು ಬೇಡವೆಂದಳೋ, ಇಲ್ಲಿರುವುದೇ ಬೇಡವೆಂದಳೋ ತಿಳಿಯಲಿಲ್ಲ. ಅದಕ್ಕೇ ನೇರವಾಗಿ ಕೇಳಿಬಿಟ್ಟೆ. ಅವಳು ಸಿಪ್ಪೆಯನ್ನು ಮೊರದಲ್ಲಿ ಒಟ್ಟಿಕೊಂಡು ಎದ್ದುಹೋದಳು. ಈಗಲೂ ನನ್ನ ಜೊತೆಗೇ ಇದ್ದಾಳೆ, ಉತ್ತರ ಮಾತ್ರ ಹೇಳಿಲ್ಲ.

"ಇದು ನಿನ್ನ ಮನೆ ಅಂತ ನಿಂಗೆ ಒಂದು ದಿನಾನಾದ್ರೂ ಅನ್ಸಿದ್ಯಾ, ದೊಡ್ಡಮ್ಮ?"