ಹಾಡೊಂದು ಬಿಟ್ಟು

ಕನ್ನಡ ಬಳಗದ ರಾಜ್ಯೋತ್ಸವಕ್ಕೆ ವಾರಗಟ್ಟಲೆ ಪ್ರಾಕ್ಟೀಸ್ ಮಾಡಿ ಒಂದು ಭಾವಗೀತೆ ಹಾಡಿದೆ. ವಾಟ್ಸಾಪ್ ಗ್ರೂಪಿಗೆ ಬಂದ ವರದಿಯಲ್ಲಿ ನನ್ನ ಇಳಕಲ್ ಸೀರೆ ಇತ್ತು, ಬಿಸಿಬೇಳೆಬಾತ್ ಇತ್ತು, ಹಾಡಿನ ಸುದ್ದಿಯೇ ಇಲ್ಲ! ಮೈಯೆಲ್ಲ ಉರಿದುಹೋಯಿತು. ಈ ಪರದೇಶದ ಊರು ಯಿಶುನ್‌ನಲ್ಲಿ, ನಮ್ಮ ಬ್ಲಾಕಿನ ತಳಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಸಿಕ್ಕಿದ ಮೇಲಿನ ಮನೆಯ ಚೀನೀ ಆಂಟಿಯ ಮುಂದೆ ಕೂಗಾಡಿಬಿಟ್ಟೆ.

ಆಂಟಿ ನಕ್ಕರು. ಮನೆಗೆ ಹೋಗಿ, ಹುಡುಗಿಯಾಗಿದ್ದಾಗ ಎತ್ತಿಟ್ಟುಕೊಂಡಿದ್ದ ಅರವತ್ತರ ದಶಕದ ಸಂಗೀತ ಪತ್ರಿಕೆಯೊಂದನ್ನು ತಂದರು. ಅದರಲ್ಲಿ ಬ್ರಿಟನ್ನಿನ ಪಾಪ್ ತಂಡವೊಂದರ ಬಗ್ಗೆ ಪುಟ ತುಂಬ ಬರೆದಿದ್ದರು: ಹುಡುಗರ ಕೂದಲು, ಬೂಟು, ಬೆಳಗಿನ ತಿಂಡಿ. ಹಾಡಿನ ಬಗ್ಗೆ ಒಂದು ಸಾಲೂ ಇಲ್ಲ.

“ಅವರಿಗೂ ಇದೇ ಗತಿ ಲಾ,” ಅಂದರು ಆಂಟಿ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಎಳೆದು.

ನನಗೆ ಎಷ್ಟೋ ಸಮಾಧಾನವಾಯಿತು. “ನಿಜವಾಗಿ ಹೇಗೆ ಹಾಡ್ತಿದ್ರು, ಆಂಟಿ?” ಅಂತ ಕೇಳಿದೆ.

ಆಂಟಿ ಕಣ್ಣು ಮುಚ್ಚಿ ನೆನಪಿಸಿಕೊಂಡರು.

“ಅಯ್ಯೋ, ಆ ಕೂದಲು ಎಷ್ಟು ಚೆನ್ನಾಗಿತ್ತು!”