ಕೋಚಕ್ಕ ಹೊತ್ತುಕೊಂಡ ಸೋಲು

ಗಂಡಸರ ಬಾಸ್ಕೆಟ್‌ಬಾಲ್ ತಂಡಕ್ಕೆ ಹೆಂಗಸೊಬ್ಬಳು ಕೋಚ್ ಎಂದರೆ ಮೂಗು ಮುರಿಯುವವರಿಗೆ ಬರವಿರಲಿಲ್ಲ. ಅವಳು ಸಹಾಯಕ ಕೋಚ್ ಆಗಿ ಹದಿನೇಳು ವರ್ಷವಾದರೂ ಆ ಮೂಗುಗಳು ನೆಟ್ಟಗಾಗಿರಲಿಲ್ಲ. ಆಟಗಾರರಿಗೆ ಮಾತ್ರ ಅವಳು ಕೋಚಕ್ಕ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಆ ಹನ್ನೆರಡು ಜನ, ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ನುಗ್ಗಬೇಕಾದ ಎತ್ತರದವರು, ಅವಳ ಹತ್ತಿರ ಬೈಸಿಕೊಳ್ಳುವಾಗ ಚೆನ್ನಾಗಿ ಕೇಳಿಸಲೆಂದು ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದರು.

ಅವಳೂ ಒಂದು ಕಾಲದ ಆಟಗಾರ್ತಿಯೇ. ಇಪ್ಪತ್ತೇಳಕ್ಕೇ ಮಂಡಿ ಕೈಕೊಟ್ಟಿತು. ಆಮೇಲೆ ಗ್ಯಾಲರಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಆಟ ಗೀಚುತ್ತಿದ್ದವಳನ್ನು ಕಂಡು, ಪುಟ ತಿರುವಿ ನೋಡಿ, ಕರೆತಂದವರು ದೊಡ್ಡ ಕೋಚ್, ಎಲ್ಲರ ಬಾಯಲ್ಲೂ ಸರ್. ಆಡಳಿತದವರು ರಾಗ ಎಳೆದರು. "ಅವಳು ಬೇಡ ಅಂದ್ರೆ ನಾನೂ ಬೇಡ ಅಂತ ಬರ್ಕೊಳ್ಳಿ" ಎಂದರು ಸರ್. ಅವರ ಬಾಯಿ ಮುಚ್ಚಿತು. ಅವಳಿಗೆ ಸಿಕ್ಕ ಕೋಣೆ ಚೆಂಡುಗಳ ಉಗ್ರಾಣ. ಕಿಟಕಿಯಿಲ್ಲ, ರಬ್ಬರಿನ ವಾಸನೆ ಬೇಕಾದಷ್ಟು. ಪಂದ್ಯಕ್ಕೆ ಮೊದಲು ಬಟ್ಟೆ ಬದಲಿಸುವ ಕೋಣೆಯ ಹೊರಗೆ ನಿಂತಿರುತ್ತಿದ್ದಳು. ಎಲ್ಲರ ಮೈಮೇಲೂ ಬಟ್ಟೆ ಬಿದ್ದ ಮೇಲೆ ಕ್ಯಾಪ್ಟನ್ ಒಳಗಿನಿಂದ ಮೂರು ಸಲ ಬಡಿಯಬೇಕು. ಹೊತ್ತಾದರೆ ಬಾಗಿಲ ಸಂದಿನಿಂದಲೇ ಪಾಠ. "ಅರ್ಧ ತಂತ್ರ ಕದಕ್ಕೆ ಗೊತ್ತು ಕಣ್ರೋ, ಅದನ್ನೇ ಆಡಿಸಿ" ಎಂದು ಅವಳೇ ನಗಾಡುತ್ತಿದ್ದಳು.

ಆ ವರ್ಷ ಮ್ಯಾನೇಜರ್ ಅವಳನ್ನು ಕರೆದು ಒಂದು ಮಾತು ಕೊಟ್ಟರು. ಸರ್‌ಗೆ ಇದು ಕೊನೆಯ ವರ್ಷ. ತಂಡ ಮೊದಲ ದರ್ಜೆಯಲ್ಲಿ ಉಳಿದರೆ ಮುಂದಿನ ವರ್ಷ ದೊಡ್ಡ ಕೋಚ್ ಅವಳೇ. ಆ ಲೀಗಿನಲ್ಲಿ ಯಾವ ಹೆಂಗಸಿಗೂ ಸಿಗದ ಜಾಗ. ಆ ದಿನ ಮನೆಗೆ ಹೋಗಿ ಅಕ್ಕನಿಗೆ ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನೆ ಅತ್ತುಬಿಟ್ಟಳು. ಅಕ್ಕ ಯಾರೋ ಸತ್ತರೆಂದೇ ಗಾಬರಿಯಾದಳು.

ಅದೇ ಹೊತ್ತಿಗೆ ಸರ್‌ಗೆ ಮರೆವು ಶುರುವಾಯಿತು. ಒಂದು ಬೆಳಗಿನ ಅಭ್ಯಾಸದಲ್ಲಿ ಐವರ ತಂಡಕ್ಕೆ ಆರು ಜನರನ್ನು ಇಳಿಸಿ, "ಯಾಕ್ರೋ ಇವತ್ತು ಕೋರ್ಟು ಇಕ್ಕಟ್ಟಾಗಿದೆ?" ಎಂದರು. ತಮಾಷೆಯೆಂದು ಎಲ್ಲರೂ ನಕ್ಕರು. ಸರ್ ಎಣಿಸುತ್ತಿದ್ದರು, ಬೆರಳು ತೋರಿಸಿ, ಮತ್ತೆ ಮತ್ತೆ. ಕೋಚಕ್ಕ ಆರನೆಯವನನ್ನು ತೋಳು ಹಿಡಿದು ಹೊರಗೆ ಕರೆದುಕೊಂಡಳು.

ಸಂಜೆ ಸರ್ ಹೆಂಡತಿಯ ಫೋನ್ ಬಂತು. "ನಿನಗೆ ಗೊತ್ತಾಗಿರುತ್ತಮ್ಮ, ಮುಚ್ಚಿಟ್ಟು ಏನು ಬಂತು. ಇದೊಂದು ವರ್ಷ ದಾಟಿಸಿಬಿಡು. ಅವರು ಮರ್ಯಾದೆಯಿಂದ ಮನೆಗೆ ಬರಲಿ. ಆಮೇಲೆ ನಾನಿದೀನಿ."

ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಅಂದೇ ಆ ಜಾಗ ಅವಳದಾಗುತ್ತಿತ್ತು. ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟಳು. ಪಂದ್ಯ ನಡೆಯುವಾಗ ಬೆಂಚಿನ ಮುಂದೆ ಒಬ್ಬ ಕೋಚ್ ಮಾತ್ರ ನಿಲ್ಲಬಹುದೆಂಬುದು ನಿಯಮ. ಸರ್ ನಿಂತಿರುತ್ತಿದ್ದರು, ಅವಳು ಪಕ್ಕದಲ್ಲಿ ಕೂತು ಅವರ ಕೋಟಿನ ಅಂಚು ಎಳೆಯುತ್ತಿದ್ದಳು. ಒಂದು ಸಲ ಎಳೆದರೆ ಆಟಗಾರನನ್ನು ಬದಲಿಸಬೇಕು, ಎರಡು ಸಲಕ್ಕೆ ಟೈಮ್‌ಔಟ್. ಟೈಮ್‌ಔಟಿನಲ್ಲಿ ಆಟ ಬರೆದು ತೋರಿಸುವ ಬೋರ್ಡು ಅವಳ ಕೈಯಲ್ಲಿ; ಸರ್ ಕೆಲಸ ಹುಡುಗರ ಬೆನ್ನು ತಟ್ಟಿ ಗದರುವುದು, ಅಷ್ಟೆ. ಅದನ್ನವರು ಮರೆತಿರಲಿಲ್ಲ. ಹೀಗೇ ನಾಲ್ಕು ತಿಂಗಳು ಎಳೆದಳು.

ಕೊನೆಯ ಪಂದ್ಯ. ಸೋತರೆ ಕೆಳಗಿನ ದರ್ಜೆ. ಒಂದು ಅಂಕ ಹಿಂದೆ, ಎಂಟು ಸೆಕೆಂಡ್ ಬಾಕಿ. ಕೋಟು ಎರಡು ಸಲ ಎಳೆದಳು. ಏನು ಮಾಡಬೇಕೆಂದು ಅವಳಿಗೆ ಸ್ಪಷ್ಟವಾಗಿತ್ತು: ಚೆಂಡು ಕ್ಯಾಪ್ಟನ್‌ಗೆ, ಅವನು ನೇರ ಬುಟ್ಟಿಗೆ ನುಗ್ಗಲಿ. ಬೋರ್ಡಿಗೆ ಕೈಹಾಕುವಷ್ಟರಲ್ಲಿ ಸರ್ ಅದನ್ನು ಎತ್ತಿಕೊಂಡಿದ್ದರು. ಎಷ್ಟು ತಿಂಗಳ ಮೇಲೆ ಮುಖದಲ್ಲಿ ಹಳೆಯ ಕಳೆ! ಸರಸರನೆ ಗೆರೆ ಎಳೆದು, "ಒಂಟೆ ಬಲಮೂಲೆಗೆ ಬರ್ತಾನೆ. ಚೆಂಡು ಒಂಟೆಗೆ ಕೊಡಿ. ಅವನು ಅಲ್ಲಿಂದ ತಪ್ಪಿಸಲ್ಲ" ಎಂದರು.

ಒಂಟೆ ಎಂಬ ಅಡ್ಡಹೆಸರಿನ ಆಟಗಾರ ತಂಡ ಬಿಟ್ಟು ಆರು ವರ್ಷವಾಗಿತ್ತು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ತಲೆಯ ಮೇಲೆ ಟಿವಿಯವರ ಮೈಕು ತೂಗುತ್ತಿತ್ತು, ಕ್ಯಾಮೆರಾ ಸರ್ ಮುಖಕ್ಕೇ ನೆಟ್ಟಿತ್ತು. ಈಗ ಬೋರ್ಡು ಕಸಿದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಕಸಿಯದಿದ್ದರೆ ತನ್ನ ಹದಿನೇಳು ವರ್ಷ ಮಣ್ಣು. "ಒಂಟೆ ಎಲ್ಲೋ?" ಎಂದು ಸರ್ ಹುಡುಕತೊಡಗಿದ್ದರು. ಬಜರ್ ಕೂಗಿತು.

"ಒಂಟೆಯ ಜಾಗಕ್ಕೆ ನೀನು ಹೋಗು" ಎಂದಳು ಕೋಚಕ್ಕ, ಎಲ್ಲರಿಗಿಂತ ಉದ್ದನೆಯವನಿಗೆ; ಒಂಟೆ ಎಂದರೆ ಸರ್ ಒಪ್ಪುವಂತಿದ್ದ ಎತ್ತರ ಅವನೊಬ್ಬನದೇ. ಒಂಟೆ ಎನ್ನುವುದು ಆಟವೊಂದರ ಹೆಸರೇನೋ ಎಂಬಂತಿತ್ತು ಅವಳ ದನಿ.

"ನಾನಾ?" ಎಂದ ಅವನು. ಬುಟ್ಟಿಯ ಬುಡದಲ್ಲಿ ನಿಂತು ಆಡುವವನು, ಮೂಲೆಯಿಂದ ಎಸೆದವನೇ ಅಲ್ಲ. ಆದರೂ ಹೋದ, ಎಸೆದ. ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಪ್ಟನ್ ಅವಳ ಹತ್ತಿರ ಬಂದ. ಒಂಟೆಯ ಜೊತೆ ಆಡಿದ್ದವನು ಅವನೊಬ್ಬನೇ. "ಅಕ್ಕ, ಸರ್‌ಗೆ ಎಷ್ಟು ದಿನದಿಂದ ಹೀಗೆ?"

"ಬಾಯಿ ಮುಚ್ಕೊಂಡು ಬೂಟು ಬಿಚ್ಚು."

ಅವನು ಬಿಚ್ಚಲಿಲ್ಲ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತ.

ಪತ್ರಕರ್ತರು ಕೇಳಿದ್ದು ಒಂದೇ ಪ್ರಶ್ನೆ. ಆ ಉದ್ದನೆಯವನನ್ನು ಮೂಲೆಗೆ ಕಳಿಸಿದ್ದು ಯಾರು? ಮೈಕಿನಲ್ಲಿ ದನಿ ಅವಳದೇ ಇತ್ತು. "ನಾನೇ" ಎಂದಳು. ಮಾರನೆಯ ದಿನ ಮ್ಯಾನೇಜರ್ ಕಾಗದ ಕೈಗಿತ್ತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಇದ್ದ ಕೆಲಸವೂ ಹೋಯಿತು. "ಹೆಂಗಸರಿಗೆ ಅವಕಾಶ ಕೊಡಲ್ಲ ಅಂತೀರಿ. ಕೊಟ್ವಲ್ಲ, ಏನಾಯ್ತು ನೋಡಿ" ಎಂದರು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಈ ಮಾತಿಗೆ. ತನ್ನ ಹಿಂದೆ ಬರುವ ಹುಡುಗಿಯರ ಬಾಗಿಲನ್ನೂ ತಾನೇ ಮುಚ್ಚಿಬಿಟ್ಟೆನೇ ಎಂದು ಉಗ್ರಾಣದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಬಾಗಿಲು ತಟ್ಟಿದ್ದು ಸರ್. ಹಿಂದೆ ಅವರ ಹೆಂಡತಿ. ಸರ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಏ ಹುಡುಗಿ, ಅಳ್ಬೇಡ. ಆ ಉದ್ದನೆಯವನಿಗೆ ಮೂಲೆಯಿಂದ ಎಸೆಯೋಕೆ ಬರಲ್ಲ ಅಂತ ನಿನಗೆ ಹೊಳೀಲಿಲ್ಲ, ಅಷ್ಟೆ. ನಾನಾಗಿದ್ರೆ ಆ ಆಟ ಆಡಿಸ್ತಿರಲಿಲ್ಲ, ನಿಜ. ಆದ್ರೆ ತಪ್ಪು ಯಾರು ಮಾಡಲ್ಲ ಹೇಳು? ಮ್ಯಾನೇಜರ್‌ಗೆ ಹೇಳಿ ಬಂದಿದೀನಿ, ಇವಳ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಂತ."

ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಕೋಚಕ್ಕ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಇನ್ನೊಂದ್ಸಲ ಹಾಗೆ ಮಾಡಲ್ಲ ಸರ್" ಎಂದಳು.