ಅಮ್ಮನ ಮಿಷನ್ನು, ಮಗನ ಹಾಡು

ಪಕ್ಕದ ಮನೆಯವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಸಂಜೆ ಹಾಡು ಕಟ್ಟುತ್ತಾನೆ. ಅವನ ದನಿ ಎಷ್ಟು ಮೆತ್ತಗೆಂದರೆ ಕಟ್ಟಡದವರೆಲ್ಲ ಅವನನ್ನು ಕರೆಯುವುದೇ ಪಿಸುಮಾತು ಎಂದು. ಹಾಗಿದ್ದೂ ಅವನು ಗಿಟಾರ್ ಮುಟ್ಟಿದರೆ ಸಾಕು, ನಮ್ಮ ಮಗು ಎದ್ದೀತೆಂದು ನನ್ನ ಜೀವ ಬಾಯಿಗೆ ಬರುತ್ತದೆ. ಅವನ ಅಮ್ಮ, ನಮ್ಮೆಲ್ಲರ ಟೈಲರಕ್ಕ, ನಡುಮನೆಯಲ್ಲಿ ತುಳಿಯುವ ಮಿಷನ್ನಿನ ಮೇಲೆ ಪರದೆ, ದಿಂಬಿನ ಗವುಸು ಹೊಲಿಯುತ್ತಾರೆ. ಆ ಸದ್ದಿಗೆ ಮಾತ್ರ ಮಗು ಏಳುವುದಿಲ್ಲ.

ಅವನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಹಾಡುಗಳನ್ನು ಒಂದು ಸಣ್ಣ ಕಂಪನಿ ಆಲ್ಬಮ್ ಮಾಡಲು ಒಪ್ಪಿತು. ಆದರೆ ಹಾಡಿನ ಹಿಂದೆ ಕೇಳುವ ಮಿಷನ್ನಿನ ಟಕಟಕ ಹೋಗಬೇಕು, ಭಾನುವಾರದೊಳಗೆ ಮತ್ತೆ ಹಾಡಿ ಕಳಿಸಬೇಕು. ಇಲ್ಲವಾದರೆ ಆ ಅವಕಾಶ ಇನ್ನೊಬ್ಬರಿಗೆ.

ಟೈಲರಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿ ಕೈಕಟ್ಟಿ ಕೂತರು. ಮಗ ಬಟ್ಟೆಬೀರುವಿನೊಳಗೆ ಮೈಕ್ ಇಟ್ಟು ಹಾಡಿದ. ಹಾಡು ಒಮ್ಮೆ ಓಡಿತು, ಒಮ್ಮೆ ಕುಂಟಿತು. ಫೋನಿನಲ್ಲಿ ತಾಳ ಹಾಕಿಕೊಂಡ. ತಾಳ ತಪ್ಪಲಿಲ್ಲ, ಹಾಡು ಮಾತ್ರ ಕಟ್ಟಿಗೆಯಂತೆ ಸೆಟೆದುಕೊಂಡಿತು.

ಯಾರಿಂದ ಕಲಿತೆ ಎಂದು ಕೇಳಿದವರಿಗೆಲ್ಲ ಅವನು ಹೊರದೇಶದ ಮೆಲುದನಿಯ ಬ್ಯಾಂಡುಗಳನ್ನೂ ಅಪ್ಪನ ಹಳೆಯ ಕ್ಯಾಸೆಟ್ಟುಗಳನ್ನೂ ಹೇಳುತ್ತಿದ್ದ. ಶನಿವಾರ ಹಳೆಯ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿದಾಗ ಅವನಿಗೆ ಗೊತ್ತಾಯಿತು: ಬಟ್ಟೆಯ ಮೂಲೆ ಬಂದಾಗ ಅಮ್ಮ ಕಾಲು ನಿಧಾನಿಸುತ್ತಾರೆ, ಅಲ್ಲೇ ತನ್ನ ಹಾಡಿನ ಸಾಲೂ ನಿಧಾನವಾಗುತ್ತದೆ.

"ಅಮ್ಮಾ, ಸ್ವಲ್ಪ ಮಿಷನ್ ಓಡಿಸು. ಅದರ ಸದ್ದು ಬೇರೆಯಾಗಿ ರೆಕಾರ್ಡ್ ಮಾಡ್ಕೊಂಡು, ಕಿವಿಗೆ ಹಾಕ್ಕೊಂಡು ಹಾಡ್ತೀನಿ."

"ನಿನ್ನೆ ಸದ್ದು ಬೇಡ ಅಂದೆ, ಇವತ್ತು ಬೇಕು. ನಿನ್ನ ತಲೆಗೊಂದು ಹೊಲಿಗೆ ಹಾಕ್ಲಾ?"

"ಅಮ್ಮಾ!"

"ಬಟ್ಟೆ ಎಲ್ಲಿ? ಇದ್ದ ಆರ್ಡರೆಲ್ಲ ಮುಗ್ಸಿ ಕೂತಿದೀನಿ. ಖಾಲಿ ಓಡಿಸಿದ್ರೆ ಬಟ್ಟೆ ಎಳೆಯೋ ಹಲ್ಲು ಸವೆಯುತ್ತೆ. ನಾನಂತೂ ಓಡಿಸಲ್ಲ."

ಅವನು ನಮ್ಮ ಬಾಗಿಲಿಗೆ ಬಂದ. "ಅಕ್ಕಾ, ಒಂದು ಉದ್ದದ ಬಟ್ಟೆ ಇದ್ರೆ ಕೊಡ್ತೀರಾ?" ಮಗು ಮಲಗುವ ಕೋಣೆಯ ಪರದೆ ಬಿಚ್ಚಿ ಕೊಟ್ಟೆ. ಬೇಗ ವಾಪಸ್ ಕೊಡಿ ಎಂದು ಮೂರು ಸಲ ಹೇಳಿದೆ.

ಟೈಲರಕ್ಕ ಅಂಚು ಮಡಚಿ ಹೊಲಿದರು, ಅವನು ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡ. ಮುಂದಿನ ಒಂದೊಂದು ಹಾಡಿಗೂ ಮಡಚಿದ್ದನ್ನೇ ಮತ್ತೆ ಮಡಚಿ ಹೊಲಿದರು. ಆಮೇಲೆ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೀರುವಿನೊಳಗೆ ತಲೆ ತೂರಿಸಿದ. ಭಾನುವಾರ ಮಧ್ಯಾಹ್ನ ಹಾಡುಗಳು ಹೋದವು. ಕಂಪನಿ ಒಪ್ಪಿತು.

ಆಲ್ಬಮ್ ಬಂದ ದಿನ ನಮ್ಮನ್ನೂ ಕರೆದು ಕೇಳಿಸಿದ. ಟೈಲರಕ್ಕ ಕಿವಿಗೊಟ್ಟು ಕೂತಿದ್ದರು.

"ನನ್ನ ಮಿಷನ್ ಎಲ್ಲೋ? ಕೇಳಿಸ್ತಾನೇ ಇಲ್ವಲ್ಲ!"

"ಕೇಳಿಸ್ಬಾರ್ದು ಅಂತ ತಾನೇ ಇಷ್ಟು ಒದ್ದಾಡಿದ್ದು?"

"ಸರಿ ಹೋಯ್ತು" ಎಂದರು. ಎರಡನೆಯ ಹಾಡಿಗೆ ಕುರ್ಚಿಯ ಕೆಳಗೆ ಅವರ ಕಾಲು ತುಳಿಯುತ್ತಿತ್ತು, ಸಾಲಿನ ಕೊನೆಯಲ್ಲಿ ನಿಧಾನಿಸುತ್ತಿತ್ತು.

ನಮ್ಮ ಪರದೆ ಈಗ ಒಂದು ಗೇಣು ಗಿಡ್ಡ. ಬೆಳಗಿನ ಬಿಸಿಲು ನೇರ ಮಗುವಿನ ಮುಖಕ್ಕೆ ಬೀಳುತ್ತದೆ.